‘ಕಸ’ ಎಂಬ ಫೋಲ್ಡರ್

ಲಿಫ್ಟಣ್ಣನ ಮನೆಗೆ ಕಂಪ್ಯೂಟರ್ ಬಂದದ್ದು ಅಂಗಡಿಯಿಂದಲ್ಲ, ಗುಜರಿಗೆ ಹೋಗುವ ದಾರಿಯಿಂದ. ಅವನು ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಹನ್ನೊಂದು ಕಟ್ಟಡಗಳಲ್ಲಿ ಒಂದರ ನಾಲ್ಕನೇ ಮಹಡಿಯ ಆಫೀಸು ಖಾಲಿಯಾಗುತ್ತಿತ್ತು. ಮೇಜು, ಕುರ್ಚಿ, ಕಪಾಟುಗಳನ್ನು ಇಳಿಸಲು ಲಿಫ್ಟು ಎರಡು ದಿನ ದುಡಿಯಿತು. ಅದು ಮುನಿಸಿಕೊಳ್ಳದಂತೆ ನೋಡಿಕೊಳ್ಳಲು ಲಿಫ್ಟಣ್ಣನೂ ಎರಡು ದಿನ ಅಲ್ಲೇ ನಿಂತ. ಕೊನೆಗೆ ಮೂಲೆಯಲ್ಲಿ ಉಳಿದಿದ್ದ ಒಂದು ಕಪ್ಪು ಡಬ್ಬಿಯನ್ನು ತೋರಿಸಿ ಆಫೀಸಿನ ಮ್ಯಾನೇಜರು, "ಬೇಕಾದ್ರೆ ನೀವೇ ತಗೊಂಡ್ಹೋಗಿ, ಇಲ್ಲಾಂದ್ರೆ ಗುಜರಿಗೆ ಹಾಕ್ತೀವಿ" ಎಂದರು. ತಿರುಗುವ ಫ್ಯಾನು ಇರುವ ಯಾವ ವಸ್ತುವನ್ನೂ ಗುಜರಿಗೆ ಹಾಕುವುದು ಲಿಫ್ಟಣ್ಣನ ಜಾಯಮಾನಕ್ಕೆ ಒಗ್ಗುವುದಿಲ್ಲ. ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದ.

ಮನೆಯಲ್ಲಿ ಅದರ ಮುಚ್ಚಳ ಬಿಚ್ಚಿ, ಪೇಂಟ್ ಬ್ರಶ್ಶಿನಿಂದ ಧೂಳು ಹೊಡೆದ. ಹೆಂಡತಿಯ ಹೊಲಿಗೆ ಯಂತ್ರದ ಎಣ್ಣೆಯನ್ನು ಕದ್ದು ಫ್ಯಾನಿಗೆ ಒಂದು ಹನಿ ಬಿಟ್ಟ. ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ಡಬ್ಬಿಯನ್ನು ಕೂರಿಸಿ, ಅದರಿಂದ ಟಿವಿಗೆ ಕೇಬಲ್ ಎಳೆದು, ಗೋಡೆಗುಂಟ ಗೇಣಿಗೊಂದು ಕ್ಲಿಪ್ಪು ಹೊಡೆದ. ಮೊದಲ ಸಂಜೆ ಚಿತ್ರ ಟಿವಿಯಲ್ಲಿ ಬಂತು, ಧ್ವನಿ ಮಾತ್ರ ಡಬ್ಬಿಯ ಹೊಟ್ಟೆಯಲ್ಲೇ ಉಳಿಯಿತು. ಹಾಡುವವಳು ಮೇಲೆ ಬಾಯಿ ಬಿಡುತ್ತಿದ್ದಳು, ಹಾಡು ಕೆಳಗೆ ಮೊಣಕಾಲಿನ ಹತ್ತಿರ ಕೇಳುತ್ತಿತ್ತು. ಎರಡನೇ ಸಂಜೆ ಧ್ವನಿ ಸರಿಹೋಯಿತು, ಆದರೆ ಪರದೆಯ ಅಂಚು ಕತ್ತರಿಸಿ ವಾರ್ತೆ ಓದುವವರಿಗೆಲ್ಲ ಹಣೆಯೇ ಇಲ್ಲದಂತಾಯಿತು. ಮೂರನೇ ಸಂಜೆ ಹಣೆಯೂ ಬಂತು.

"ಟಿವಿ ಮುಂದೆ ಕೂತ್ಕೊಳ್ಳೋದು ಬಿಟ್ಟು ಟಿವಿ ಹಿಂದೆ ಕೂತ್ಕೊಳ್ಳೋ ಗಂಡಸನ್ನ ನಾನು ಇವತ್ತೇ ನೋಡಿದ್ದು" ಎಂದಳು ಹೆಂಡತಿ. ಅವಳು ಪರದೆ ಅಂಗಡಿಯೊಂದರಲ್ಲಿ ಕಿಟಕಿ ಪರದೆಗಳನ್ನು ಹೊಲಿಯುವವಳು. ಎದುರಿಗೆ ಬಂದದ್ದನ್ನೆಲ್ಲ ಅಳತೆ ಹಾಕಿ ನೋಡುವ ಅಭ್ಯಾಸ ಅವಳದು. "ಇರ್ಲಿ ಬಿಡಿ, ಎರಡನೇ ಸಂಸಾರ ಮಾಡ್ಕೊಂಡಿದ್ದೀರಿ, ಮನೇಲೇ ಇಟ್ಕೊಂಡಿದ್ದೀರಲ್ಲ, ಅದೇ ಪುಣ್ಯ."

ಲಿಫ್ಟಣ್ಣ ನಕ್ಕ. ಅವನ ಮನಸ್ಸಿನಲ್ಲಿದ್ದದ್ದು ಬೇರೆ. ಮೂರು ಜನರ ಮನೆಯಲ್ಲಿ ಮೂರು ಪರದೆಗಳಾಗಿದ್ದವು. ಹೆಂಡತಿ ಅಡುಗೆಮನೆಯಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಧಾರಾವಾಹಿ ನೋಡುತ್ತಿದ್ದಳು, ಮಗಳು ಕೋಣೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಇವನು ಹಾಲ್‌ನಲ್ಲಿ ಒಬ್ಬನೇ ರಿಮೋಟು ಹಿಡಿದು ಕೂರುತ್ತಿದ್ದ. ಎಲ್ಲರಿಗೂ ಬೇಕಾದ್ದೆಲ್ಲ ಒಂದೇ ಕಡೆ ಸಿಕ್ಕರೆ ಎಲ್ಲರೂ ಅಲ್ಲಿಗೇ ಬರುತ್ತಾರೆ ಎಂಬುದು ಅವನ ಲೆಕ್ಕಾಚಾರ. ಅದು ತಪ್ಪಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಸೋಫಾದ ಮೂರು ಜಾಗಗಳೂ ತುಂಬತೊಡಗಿದವು.

ಡಬ್ಬಿಯೊಳಗೆ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಇತ್ತು. ‘ಅಮ್ಮನ ಧಾರಾವಾಹಿ’, ‘ಹಾಡು’, ‘ಫೋಟೋ’, ‘ಲಿಫ್ಟ್’ (ಇದರಲ್ಲಿ ವೈರಿಂಗ್ ನಕ್ಷೆಗಳು; ಅವನ್ನು ಟಿವಿಯಲ್ಲಿ ದೊಡ್ಡದಾಗಿ ಹಾಕಿ ನೋಡುವುದು ಲಿಫ್ಟಣ್ಣನ ಪರಮಾನಂದ). ಆ ಮನೆಯಲ್ಲಿ ಡಬ್ಬಿಗೇ ಒಂದು ಭಾಷೆ ಹುಟ್ಟಿಕೊಂಡಿತು. ಏನನ್ನಾದರೂ ನೋಡಬೇಕಾದರೆ ‘ಓಪನ್ ಮಾಡು’. ನೋಡಿ ಮುಗಿದದ್ದನ್ನು ಅಳಿಸಬೇಕಾದರೆ ‘ತೆಗಿ’. ಭಾನುವಾರವಾದರೆ ಹೆಂಡತಿ, "ರೀ, ಹಳೇ ಕಂತೆಲ್ಲ ತೆಗೀರಿ, ಹೊಸದಕ್ಕೆ ಜಾಗ ಆಗ್ಲಿ" ಎನ್ನುತ್ತಿದ್ದಳು, ಇವನು ತೆಗೆಯುತ್ತಿದ್ದ. ಹೊರಗಿನ ಲೋಕದಲ್ಲಿ ಬಾಗಿಲು ತೆಗೆಯುವುದೂ ಇದೆ, ಕಸ ತೆಗೆಯುವುದೂ ಇದೆ, ಎರಡಕ್ಕೂ ಒಂದೇ ಮಾತು. ಈ ಮನೆಯ ಹಾಲ್‌ನಲ್ಲಿ ಮಾತ್ರ ತೆಗೆಯುವುದೆಂದರೆ ಗುಡಿಸಿ ಹಾಕುವುದು ಎಂದಷ್ಟೇ ಆಗಿತ್ತು.

ಇನ್ನು ಮಗಳ ವಿಷಯ. ಇಪ್ಪತ್ತನಾಲ್ಕು ವರ್ಷದವಳು, ಔಷಧಿ ಅಂಗಡಿಯ ಹಿಂಗೋಣೆಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಮುಂದಿನ ಕೌಂಟರಿಗೆ ಬಾ ಎಂದು ಮಾಲೀಕರು ಎರಡು ಸಲ ಕರೆದರೂ ಹೋಗಿರಲಿಲ್ಲ. ಅವಳಿಗೆ ಉಗ್ಗು. ‘ಕ’ ಬಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ‘ಓ’ ಬಂದರೆ ಉಸಿರೇ ನಿಲ್ಲುತ್ತಿತ್ತು. ಬುದ್ಧಿಗೇನೂ ಕಮ್ಮಿಯಿಲ್ಲ, ಹಾಗಾಗಿ ಸಿಕ್ಕಿಕೊಳ್ಳುವ ಪದ ದೂರದಲ್ಲಿ ಕಂಡಾಗಲೇ ಬಳಸುದಾರಿ ಹಿಡಿದು ಇನ್ನೊಂದು ಪದದಿಂದ ದಾಟಿಬಿಡುತ್ತಿದ್ದಳು. ಬಳಸುದಾರಿಯೂ ಸಿಗದಿದ್ದಾಗ ಅಪ್ಪ ಇದ್ದನಲ್ಲ.

ಅವಳಿಗೆ ಏಳು ವರ್ಷವಿದ್ದಾಗ ಅಂಗಡಿಯೊಂದರಲ್ಲಿ ಏನನ್ನೋ ಕೇಳಲು ಹೋಗಿ ‘ಕ’ದಲ್ಲಿ ನಿಂತುಬಿಟ್ಟಿದ್ದಳು. ಸುತ್ತಲಿನ ಮಕ್ಕಳು ನಕ್ಕಿದ್ದವು. ಲಿಫ್ಟಣ್ಣ ತಟ್ಟನೆ, "ಕತ್ತರಿ ಬೇಕಂತೆ" ಎಂದು ಹೇಳಿದಾಗ ಮಗಳ ಬಿಗಿದ ಮುಖ ಸಡಿಲವಾದದ್ದನ್ನು ಅವನು ಮರೆಯಲೇ ಇಲ್ಲ. ಅವತ್ತಿನಿಂದ ಅವಳ ಅರ್ಧ ಮಾತಿಗೆ ಉಳಿದರ್ಧ ಜೋಡಿಸುವುದು ತನ್ನ ಹೊಣೆ ಎಂದುಕೊಂಡ. ಹದಿನೇಳು ವರ್ಷ ಒಂದು ದಿನವೂ ರಜೆ ಹಾಕದೆ ಆ ಕೆಲಸ ಮಾಡಿದ.

ವಾರಕ್ಕೊಮ್ಮೆ ಅವನ ಅಕ್ಕ ವಿಡಿಯೋ ಕಾಲ್ ಮಾಡುತ್ತಿದ್ದಳು. ಅದಕ್ಕಾಗಿಯೇ ಅವನು ಒಂದು ಪುಟ್ಟ ಮೈಕನ್ನೂ ತಂದು ಡಬ್ಬಿಗೆ ಸಿಕ್ಕಿಸಿದ್ದ. ಟಿವಿ ತುಂಬ ಅಕ್ಕನ ಮುಖ.

"ಏನ್ ಪುಟ್ಟಿ, ಕೆಲ್ಸ ಹೇಗಿದೆ?"

"ಚೆನ್ನಾಗಿದೆ ಅತ್ತೆ. ಹೋದ ವಾರ ಕ... ಕ..."

"ಕಂಪನಿಯವ್ರು ಬಂದಿದ್ರು, ಲೆಕ್ಕ ನೋಡೋಕೆ" ಎಂದ ಲಿಫ್ಟಣ್ಣ.

"ನಾನ್ ಅವಳನ್ನ ಕೇಳ್ದೆ ಕಣೋ, ನಿನ್ನನ್ನಲ್ಲ" ಎಂದಳು ಅಕ್ಕ.

"ಅವಳು ಹೇಳೋದನ್ನೇ ನಾನೂ ಹೇಳಿದ್ದು. ಅಲ್ವೇನಮ್ಮ?"

ಮಗಳು ಹೂಂ ಎಂದು ತಲೆಯಾಡಿಸಿ, ನೀರು ಕುಡಿಯುವ ನೆಪದಲ್ಲಿ ಎದ್ದು ಹೋದಳು.

ಇಷ್ಟರ ನಡುವೆ ಆ ಡಬ್ಬಿಯಲ್ಲಿ ಲಿಫ್ಟಣ್ಣನಿಗೆ ಗೊತ್ತಿಲ್ಲದ ಒಂದು ಸಂಗತಿ ಬೆಳೆಯುತ್ತಿತ್ತು. ಅವನಿಗೆ ಗೊತ್ತಿಲ್ಲದಿದ್ದರೇನು, ಕೇಳುವ ನಮಗೆ ಗೊತ್ತಿರಲಿ. ಬುಧವಾರ ಮಗಳಿಗೆ ರಜೆ, ಅಪ್ಪ ಅಮ್ಮ ಕೆಲಸಕ್ಕೆ ಹೋಗಿರುತ್ತಿದ್ದರು. ಖಾಲಿ ಹಾಲ್‌ನಲ್ಲಿ ಅವಳು ಆ ಮೈಕಿನ ಮುಂದೆ ಕೂತು ಪುಸ್ತಕ ಓದುತ್ತಿದ್ದಳು, ಗಟ್ಟಿಯಾಗಿ. ಉಗ್ಗುವವರಲ್ಲಿ ಎಷ್ಟೋ ಜನರಿಗೆ ಒಬ್ಬರೇ ಇದ್ದಾಗ ನಾಲಿಗೆ ಸುಸೂತ್ರ. ಅವಳಿಗೂ ಹಾಗೆ. ಮೊದಲು ಆಟಕ್ಕೆಂದು ಓದಿ, ರೆಕಾರ್ಡ್ ಮಾಡಿ, ಕೇಳಿ, ನಾಚಿ, ಆ ಫೋಲ್ಡರಿಗೆ ‘ಕಸ’ ಎಂದು ಹೆಸರಿಟ್ಟಳು. ಕಸವನ್ನು ಯಾರೂ ಕೆದಕುವುದಿಲ್ಲ ಎಂಬ ಜಾಣತನವೂ ಅದರಲ್ಲಿತ್ತು. ಆ ಹೆಸರನ್ನು ಒಂದು ದಿನ ಬಾಯಿಬಿಟ್ಟು ಹೇಳಬೇಕಾದೀತು, ಅದು ಶುರುವಾಗುವುದೇ ‘ಕ’ದಿಂದ ಎಂಬುದು ಆಗ ಹೊಳೆದಿರಲಿಲ್ಲ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಧ್ವನಿಯಲ್ಲಿ ಕೂಡಿಡುವ ಒಂದು ಗ್ರಂಥಾಲಯ ಓದುಗರನ್ನು ಹುಡುಕುತ್ತಿತ್ತು. ಅವರು ಕಳಿಸುವ ನಾಲ್ಕು ಪುಟಗಳನ್ನು ಓದಿ, ರೆಕಾರ್ಡ್ ಮಾಡಿ, ಭಾನುವಾರ ಸಂಜೆ ಆರರೊಳಗೆ ಕಳಿಸಬೇಕು. ಅವಳು ಆ ನಾಲ್ಕು ಪುಟಗಳನ್ನು ಅರವತ್ತು ಸಲ ಓದಿದಳು. ಅರವತ್ತೊಂದನೆಯದು ಅವಳಿಗೇ ಹಿಡಿಸಿತು. ಹತ್ತು ನಿಮಿಷ, ಎಲ್ಲೂ ತಡೆಯಿಲ್ಲ. ಅದನ್ನು ಕಳಿಸುವ ಮೊದಲು ಅಪ್ಪ ಕೇಳಬೇಕು ಎಂದು ಆಸೆಯಾಯಿತು. ತನ್ನ ಮಾತು ಶುರುವಿನಿಂದ ಕೊನೆಯವರೆಗೆ, ಯಾರೂ ಜೋಡಿಸದೆ ತಾನೇ ಆಡಿದ್ದು, ಒಂದು ಸಲವಾದರೂ ಅಪ್ಪನ ಕಿವಿಗೆ ಬೀಳಬೇಕು. ಆದರೆ ಅವನು ಕೇಳುವಾಗ ತಾನು ಎದುರಿಗಿರಲಾರೆ. ಅದಕ್ಕೇ ಶನಿವಾರ ಅಂಗಡಿಯಿಂದ ಫೋನ್ ಮಾಡಲು ನಿರ್ಧರಿಸಿದಳು. ಮೆಸೇಜ್ ಬರೆಯಬಹುದಿತ್ತು, ಆದರೆ ಲಿಫ್ಟಣ್ಣ ಮೆಸೇಜ್ ಓದುವುದು ಮೂರು ದಿನ ಆದ ಮೇಲೆ.

ಆ ಶನಿವಾರ ಬೆಳಗ್ಗೆ ಟಿವಿಯಲ್ಲಿ ಡಬ್ಬಿ ಒಂದು ಸೂಚನೆ ತೋರಿಸಿತು: ಜಾಗ ಮುಗಿದಿದೆ. ಲಿಫ್ಟಣ್ಣನಿಗೆ ರಜೆ. ತಿಂಡಿಯ ಹೊತ್ತಿಗೆ ಘೋಷಿಸಿದ: "ಯಾರ್ಯಾರ್ದು ಏನೇನ್ ಬೇಡ್ವೋ ಹೇಳಿ. ಇವತ್ತು ತೆಗೆದು ಡಬ್ಬೀನ ಹಗುರ ಮಾಡ್ತೀನಿ." ಮಗಳು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟಾಗಿತ್ತು. ಈ ಘೋಷಣೆ ಅವಳ ಕಿವಿಗೆ ಬೀಳಲಿಲ್ಲ.

ಮಧ್ಯಾಹ್ನ ಫೋನು ಬಂತು.

"ಅಪ್ಪ, ಡಬ್ಬಿ ಹತ್ರ ಇದ್ದೀಯಾ?"

"ಅದರ ಮುಂದೇನೇ ಕೂತಿದ್ದೀನಿ. ಹೇಳು."

"ಅದ್ರಲ್ಲಿ ನಂದೊಂದು... ಕ... ಕ... ಕಸ ಅಂತ ಇದೆ. ಅದನ್ನ..." ಮುಂದೆ ‘ಓಪನ್’ ಎಂಬ ಗುಡ್ಡ. ಅವಳ ಉಸಿರು ನಿಂತದ್ದು ಲಿಫ್ಟಣ್ಣನಿಗೆ ಫೋನಿನಲ್ಲೂ ಕೇಳಿಸಿತು. ಎಂದಿನಂತೆ ಕೈಹಿಡಿದು ದಾಟಿಸಲು ಹೋದ.

"ತೆಗೀಲಾ?"

ಆಚೆ ಕಡೆ ಮಗಳಿಗೆ ಆ ಪದ ವರದಂತೆ ಕಂಡಿತು. ಬಾಗಿಲು ತೆಗೆಯುವ ಹಾಗೆ ತೆಗೆಯುವುದು, ಎಷ್ಟು ಸಲೀಸು! ತನಗೇ ಹೊಳೆದಿರಲಿಲ್ಲವಲ್ಲ. ಮನೆಯ ಹಾಲ್‌ನಲ್ಲಿ ಆ ಮಾತಿಗೆ ಬೇರೆ ಅರ್ಥವಿದ್ದದ್ದು ಆ ಅವಸರದಲ್ಲಿ ನೆನಪಾಗಲಿಲ್ಲ. "ಹೂಂ ಅಪ್ಪ, ತೆಗಿ. ತೆಗೆದು... ಕ... ಕೆ..."

ಕೇಳು ಎನ್ನಬೇಕಿತ್ತು ಅವಳು.

"ಕಸದ ಬುಟ್ಟೀನೂ ಖಾಲಿ ಮಾಡ್ಬೇಕು, ಅಷ್ಟೇ ತಾನೆ? ಅಷ್ಟೂ ಗೊತ್ತಿಲ್ವಾ ನಂಗೆ. ನೀನು ಊಟ ಮಾಡು ಹೋಗು" ಎಂದು ಲಿಫ್ಟಣ್ಣ ಫೋನಿಟ್ಟ. ಅಂಗಡಿಯ ಗದ್ದಲದಲ್ಲಿ ಅವಳಿಗೆ ಕೇಳಿಸಿದ್ದು ‘ಅಷ್ಟೂ ಗೊತ್ತಿಲ್ವಾ ನಂಗೆ’ ಎಂಬುದಷ್ಟೇ. ಅಪ್ಪನಿಗೆ ಅರ್ಥವಾಯಿತು ಎಂದುಕೊಂಡು ನಿಜಕ್ಕೂ ಊಟಕ್ಕೆ ಹೋದಳು.

ಫೋಲ್ಡರಿನಲ್ಲಿ ಒಂದರಿಂದ ಅರವತ್ತೊಂದರವರೆಗೆ ಸಂಖ್ಯೆಗಳಿದ್ದವು, ಒಟ್ಟು ನಾಲ್ಕು ಜಿಬಿ. ಲಿಫ್ಟಣ್ಣ ಒಂದನ್ನೂ ಮುಟ್ಟಿ ನೋಡಲಿಲ್ಲ. ಬೆಳೆದ ಮಗಳ ವಸ್ತುವಿನಲ್ಲಿ ಮೂಗು ತೂರಿಸಬಾರದು ಎಂಬ ಮರ್ಯಾದೆ ಅವನಿಗಿತ್ತು. ಆ ಮರ್ಯಾದೆಯೇ ಅವತ್ತು ಮುಳುವಾಯಿತು. ಪೂರ್ತಿ ಆರಿಸಿ, ಅಳಿಸಿ, ಬುಟ್ಟಿಯನ್ನೂ ಖಾಲಿ ಮಾಡಿದ. ಖಾಲಿಯಾದ ಜಾಗಕ್ಕೆ ಹೆಂಡತಿಯ ಹೊಸ ಧಾರಾವಾಹಿಯ ಕಂತುಗಳನ್ನು ಇಳಿಸಲು ಹಚ್ಚಿ, ತೃಪ್ತಿಯಿಂದ ಒಂದು ಲೋಟ ಚಹಾ ಕುಡಿದ.

ನಾಲ್ಕು ಗಂಟೆಗೆ ಮಗಳು ಬಂದಳು. ಮೆಟ್ಟಿಲನ್ನು ಓಡಿ ಹತ್ತಿದ್ದಳು, ಮುಖದಲ್ಲಿ ಎಂದೂ ಕಾಣದ ಒಂದು ಕಳೆ. ಬಾಗಿಲಲ್ಲೇ ನಿಂತು ಅಪ್ಪನ ಮುಖವನ್ನು ಹುಡುಕುವಂತೆ ನೋಡಿದಳು.

"ಅಪ್ಪ... ಕೆ... ಕೇ..."

"ಕೆಲಸಾನಾ? ಆಗ್ಹೋಯ್ತು! ನಾಲ್ಕು ಜಿಬಿ ಇತ್ತು ಮಾರಾಯ್ತಿ, ಏನ್ ತುಂಬಿಸಿಟ್ಟಿದ್ದೆ? ಒಂದೂ ಬಿಡದೆ ತೆಗೆದೆ. ಬುಟ್ಟೀನೂ ಖಾಲಿ."

ಮಗಳು ನಿಂತಲ್ಲೇ ನಿಂತಳು. ಮುಖದ ಕಳೆ ಹೇಗೆ ಬಂದಿತ್ತೋ ಹಾಗೇ ಹೋಯಿತು. ಬಾಯಿ ತೆರೆದಳು, ಏನೂ ಬರಲಿಲ್ಲ.

"ಯಾಕೆ, ಬೇಕಿತ್ತಾ? ಯಾವ್ದಾದ್ರೂ ಹಾಡಾ? ಸಿನಿಮಾನಾ? ಇನ್ನೊಂದ್ಸಲ ಇಳಿಸ್ಕೊಳ್ಳೋಣ ಬಿಡು" ಎಂದು ಲಿಫ್ಟಣ್ಣ ಒಂದಾದ ಮೇಲೊಂದು ಪದ ಎಸೆಯುತ್ತ ಹೋದ. ಯಾವುದೂ ಅವಳ ಹತ್ತಿರ ಹೋಗಿ ಬೀಳಲಿಲ್ಲ. ಕೊನೆಗೆ ಅವಳು ಸೋಫಾದ ಮೇಲಿದ್ದ ಕೀಬೋರ್ಡನ್ನು ತೊಡೆಯ ಮೇಲೆಳೆದುಕೊಂಡು, ಟಿವಿಯಲ್ಲಿ ಒಂದು ಖಾಲಿ ಹಾಳೆ ತೆರೆದು ಟೈಪ್ ಮಾಡತೊಡಗಿದಳು. ಅಂಗೈಯಗಲದ ಅಕ್ಷರಗಳು ಒಂದೊಂದಾಗಿ ಬಂದವು. ಲಿಫ್ಟಣ್ಣ ಅಭ್ಯಾಸಬಲದಿಂದ ಮುಂದಿನ ಪದ ಊಹಿಸಲು ನೋಡಿದ, ಆದರೆ ಟಿವಿ ಅವನ ಮಾತು ಕೇಳುವಂಥದ್ದಲ್ಲ.

ಅದು ನನ್ನ ದನಿ. ನಾನು ಓದಿದ್ದು, ನಾಳೆ ಸಂಜೆ ಆರರೊಳಗೆ ಒಂದು ಗ್ರಂಥಾಲಯಕ್ಕೆ ಕಳಿಸಬೇಕಿತ್ತು. ತೆಗೆದು ಕೇಳು ಅಂತ ಹೇಳೋಕೆ ಫೋನ್ ಮಾಡಿದ್ದೆ. ನೀನು ಮುಗಿಸೋಕೆ ಬಿಡಲಿಲ್ಲ.

ಲಿಫ್ಟಣ್ಣ ಆ ಸಾಲುಗಳನ್ನು ಎರಡು ಸಲ ಓದಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಎಚ್ಚರಿಸಿದ್ದಾರೆ. ಆಡುತ್ತಿದ್ದವರ ಬಾಯಿಂದ ಕಿತ್ತುಕೊಂಡ ಮಾತು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ ಅವನಿಗೆ. ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದ. ಅವನು ಹೇಳಿದ ಹಾಗೆ ಏನೇನೋ ಒತ್ತಿದ. ಕೊನೆಗೆ ಆ ಮನುಷ್ಯ, "ಅಳಿಸಿದ ಮೇಲೆ ಅಲ್ಲಿ ಏನಾದ್ರೂ ತುಂಬಿಸಿದ್ರಾ ಅಣ್ಣ?" ಎಂದು ಕೇಳಿದ. ಧಾರಾವಾಹಿಯ ಹದಿನೆಂಟು ಕಂತುಗಳು ಬಂದು ಕಾಲು ಚಾಚಿ ಕೂತಿದ್ದವು. "ಹಾಗಾದ್ರೆ ಆಸೆ ಬಿಟ್ಬಿಡಿ" ಎಂದ ರಿಪೇರಿಯವನು. ಅಷ್ಟು ಹೊತ್ತಿಗೆ ಕೆಲಸದಿಂದ ಬಂದಿದ್ದ ಹೆಂಡತಿ ವಿಷಯ ತಿಳಿದು, ಅವತ್ತು ಒಂದು ಕಂತನ್ನೂ ನೋಡಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದ ಲಿಫ್ಟಣ್ಣ.

"ಓದ್ತಾಳೆ ಅಂತ ಗೊತ್ತಿತ್ತು. ಕೇಳ್ಬೇಡ ಅಂದಿದ್ಳು, ಕೇಳ್ಲಿಲ್ಲ. ನಿಮಗೇ ಮೊದ್ಲು ಕೇಳಿಸ್ಬೇಕು ಅಂತಿದ್ಳು."

ಈ ಮಾತು ಅವನನ್ನು ಮಗಳ ಮೌನಕ್ಕಿಂತ ಹೆಚ್ಚು ಸುಟ್ಟಿತು.

ಭಾನುವಾರ ಬೆಳಗ್ಗೆ ಲಿಫ್ಟಣ್ಣ ತಾನಾಗಿಯೇ ಹೇಳಿದ, "ಊಟ ಆದ್ಮೇಲೆ ನಾವಿಬ್ರೂ ಟೆರೇಸ್ ಮೇಲಿರ್ತೀವಿ. ನೀನು ಇನ್ನೊಂದ್ಸಲ ಓದಮ್ಮ. ಆರು ಗಂಟೆವರ್ಗೂ ಟೈಮಿದೆಯಲ್ಲ." ಮಗಳು ತಲೆಯಾಡಿಸಿದಳು. ಹೆಂಡತಿ ಹಾಲ್‌ನ ಪರದೆಗಳನ್ನೆಲ್ಲ ಎಳೆದು, ಬೀದಿಯ ಸದ್ದು ಬರದಿರಲೆಂದು ಕಿಟಕಿಗೆ ಒಂದು ದಪ್ಪ ಕಂಬಳಿಯನ್ನೂ ಕಟ್ಟಿ ಕೊಟ್ಟಳು.

ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳಲ್ಲಿ ಗಂಡ ಹೆಂಡತಿ ಕೂತರು. ಬಟ್ಟೆ ಒಣಗಿಸಲು ಬಂದವರೊಬ್ಬರು ಇವರನ್ನು ವಿಚಿತ್ರವಾಗಿ ನೋಡಿ ಹೋದರು. ಒಂದು ಗಂಟೆಯಾಯಿತು, ಎರಡಾಯಿತು.

"ನಾನು ಸಹಾಯ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ ಕಣೇ" ಎಂದ ಲಿಫ್ಟಣ್ಣ.

ಹೆಂಡತಿ ಇನ್ನಷ್ಟು ನೆರಳಿಗೆ ಸರಿದು ಕೂತಳು. ಆಮೇಲೆ, "ಲಿಫ್ಟು ಎರಡು ಮಹಡಿ ಮಧ್ಯೆ ನಿಂತ್ರೆ ಏನ್ ಮಾಡ್ತೀರಿ?" ಎಂದಳು.

"ಒಳಗಿರೋರಿಗೆ ಗಾಬರಿ ಆಗ್ಬೇಡಿ ಅಂತೀನಿ. ಬಾಗಿಲು ಎಳೀಬೇಡಿ ಅಂತೀನಿ. ಎಳೆದ್ರೆ ಅಪಾಯ. ಆಮೇಲೆ ಮೇಲೆ ಹೋಗಿ ಚಕ್ರಾನ ಕೈಯಲ್ಲಿ ತಿರುಗಿಸಿ ನಿಧಾನಕ್ಕೆ ಮಹಡಿಗೆ ತರ್ತೀನಿ."

"ಎಷ್ಟೊತ್ತು ಹಿಡಿಯುತ್ತೆ?"

"ಒಂದೊಂದ್ಸಲ ಅರ್ಧ ಗಂಟೆ."

"ಗುರುತು ಪರಿಚಯ ಇಲ್ದೋರಿಗೆ ಅರ್ಧ ಗಂಟೆ ಕೊಡ್ತೀರಿ. ಮಗಳಿಗೆ ಯಾವತ್ತಾದ್ರೂ ಅರ್ಧ ನಿಮಿಷ ಕೊಟ್ಟಿದ್ದೀರಾ?"

ಇಷ್ಟು ವರ್ಷ ಇದನ್ನು ಹೇಳದೆ ಇಟ್ಟುಕೊಂಡಿದ್ದ ಹೆಂಡತಿಯ ಮೇಲೆ ಲಿಫ್ಟಣ್ಣನಿಗೆ ಸ್ವಲ್ಪ ಸಿಟ್ಟು ಬಂತು. ಹೇಳಹೊರಟಾಗ ಅವಳ ಮಾತನ್ನೂ ತಾನೇ ಮುಗಿಸಿರಬಹುದೇನೋ ಎಂದು ಹೊಳೆದು ಸಿಟ್ಟು ಇಳಿಯಿತು.

ನಾಲ್ಕೂವರೆಗೆ ಮಗಳೇ ಟೆರೇಸಿಗೆ ಬಂದಳು. ಕಣ್ಣು ಕೆಂಪಾಗಿತ್ತು. ಆಗಲಿಲ್ಲ ಎಂಬುದನ್ನು ಕೈಯಲ್ಲೇ ಹೇಳಿದಳು. ಹದಿನಾಲ್ಕು ಸಲ ಓದಿದಳಂತೆ, ಹದಿನಾಲ್ಕು ಸಲವೂ ನಿಂತಳಂತೆ. ಮನೆ ಖಾಲಿಯಿದ್ದರೂ ಮೇಲೆ ಇಬ್ಬರು ತನ್ನ ಮಾತಿಗಾಗಿಯೇ ಕಾದು ಕೂತಿದ್ದಾರೆಂದು ನಾಲಿಗೆಗೆ ಗೊತ್ತಾಗಿಬಿಟ್ಟಿತ್ತು.

"ಬಿಟ್ಬಿಡೋಣ ಅ... ಅಂತೀಯಾ?" ಎಂದು ಹೆಂಡತಿಯೇ ತಡವರಿಸಿದಳು.

ಮಗಳು ಇಲ್ಲ ಎಂದು ತಲೆಯಾಡಿಸಿದಳು. ಲಿಫ್ಟಣ್ಣನನ್ನು ನೋಡಿದಳು. "ಅಪ್ಪ, ನೀನು ಬಾ. ನನ್ ಜೊತೆ... ಕೂ... ಕೂ..."

ಕೂತ್ಕೋ. ಲಿಫ್ಟಣ್ಣನ ನಾಲಿಗೆಯ ತುದಿಯಲ್ಲಿ ಆ ಪದ ಕುಣಿಯಿತು. ಹಲ್ಲು ಕಚ್ಚಿ ಹಿಡಿದ.

"...ಕೂತ್ಕೋ" ಎಂದು ಮುಗಿಸಿದಳು ಮಗಳು. "ದೂರ ಇದ್ರೆ ನೀನು ಏನ್ ಅಂದ್ಕೊಳ್ತಿದ್ದೀಯೋ ಅಂತಾನೇ ಯೋಚ್ನೆ. ಎದುರಿಗಿದ್ರೆ ನೋಡ್ಬಹುದು."

ಕೆಳಗೆ ಹಾಲ್ ಕತ್ತಲಾಗಿತ್ತು, ಟಿವಿಯ ಬೆಳಕು ಮಾತ್ರ. ಪರದೆಯ ಒಂದು ಬದಿಗೆ ಓದಬೇಕಾದ ಪುಟಗಳು, ಕೆಳಗೆ ದನಿಯ ಏರಿಳಿತ ತೋರಿಸುವ ಹಸಿರು ಗೆರೆ, ಅದರ ಪಕ್ಕ ಸೆಕೆಂಡುಗಳು. ಪುಟಗಳ ಅಕ್ಷರ ಸಣ್ಣದು, ಕನ್ನಡಕವಿಲ್ಲದ ಲಿಫ್ಟಣ್ಣನಿಗೆ ಕಾಣುತ್ತಿರಲಿಲ್ಲ. ಸೆಕೆಂಡುಗಳು ಕಾಣುತ್ತಿದ್ದವು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಮಗಳು ಉಸಿರೆಳೆದುಕೊಂಡು ಶುರುಮಾಡಿದಳು.

ನದಿ ದಾಟಿಸುವ ದೋಣಿಯವನೊಬ್ಬನ ಕಥೆ ಅದು. ಮೊದಲ ಪುಟದಲ್ಲಿ ಮೂರು ಕಡೆ ನಿಂತಳು, ಮೂರು ಕಡೆಯೂ ದಾಟಿದಳು. ದಾಟಿದಾಗ ಅವಳ ದನಿ ಕೆಳಗಿಳಿದು, ಅಗಲವಾಗಿ, ನಿಧಾನವಾಗಿ ಹರಿಯುತ್ತಿತ್ತು. ಇಂಥದ್ದೊಂದು ದನಿ ತನ್ನ ಮನೆಯಲ್ಲಿತ್ತೇ ಎಂದು ಲಿಫ್ಟಣ್ಣ ಬೆರಗಾದ. ಇಪ್ಪತ್ತನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಅವನು ಅದನ್ನು ಒಂದೇ ಸಮನೆ ಒಂದು ನಿಮಿಷ ಕೇಳಿರಲಿಲ್ಲ.

ನಾಲ್ಕನೇ ಪುಟದಲ್ಲಿ, ಕಥೆಯ ಹುಡುಗಿಯೊಬ್ಬಳ ಅಣ್ಣ ಅವಳನ್ನು ದಡದಲ್ಲಿ ಬಿಟ್ಟು ದೋಣಿ ಹತ್ತಿ ಹೊರಟ. "ದೋಣಿ ಮರೆಯಾಗುವ ತನಕ ತಂಗಿ ಮೆಟ್ಟಿಲ ತುದಿಯಲ್ಲಿ ನಿಂತು ಕ..."

ನಿಂತಿತು. ಹಸಿರು ಗೆರೆ ನೆಲಕ್ಕೆ ಮಲಗಿತು. ಒಂದು, ಎರಡು, ಮೂರು. ಮಗಳ ಕತ್ತಿನ ನರ ಬಿಗಿಯಿತು. ಕಾದಳು, ಎಂದಿತು ಲಿಫ್ಟಣ್ಣನ ಮನಸ್ಸು. ನಿಂತು ಕಾದಳು. ಇನ್ನೇನಿರುತ್ತದೆ? ಐದು, ಆರು. ಹೇಳಿಬಿಟ್ಟರೆ ಮುಗಿಯಿತು, ಅವಳ ಮುಖ ಸಡಿಲವಾಗುತ್ತದೆ, ತನ್ನದೂ. ಮಗಳು ಅವನನ್ನೇ ನೋಡುತ್ತಿದ್ದಳು. ಅವನು ಎರಡೂ ಕೈಗಳಿಂದ ತನ್ನ ಮೊಣಕಾಲುಗಳನ್ನು ಹಿಡಿದುಕೊಂಡು ಕೂತ. ಎಂಟು, ಒಂಬತ್ತು, ಹತ್ತು. ಅರ್ಧ ಗಂಟೆ ಚಕ್ರ ತಿರುಗಿಸುವ ಆ ತೋಳುಗಳಿಗೆ ಈ ಹತ್ತು ಸೆಕೆಂಡು ಭಾರವಾಗಿತ್ತು.

"...ಕರೆದಳು" ಎಂದಳು ಮಗಳು.

ಕರೆದಳು. ಕಾದದ್ದಲ್ಲ. ಆ ತಂಗಿ ಸುಮ್ಮನೆ ಕಾಯಲಿಲ್ಲ, ಕೂಗಿ ಕರೆದಳು. ಮಗಳು ಆಗಲೇ ಮುಂದಿನ ಸಾಲಿಗೆ ಹೋಗಿದ್ದಳು, ಲಿಫ್ಟಣ್ಣನಿಗೆ ಅದು ಕೇಳಿಸಲೇ ಇಲ್ಲ. ಏಳು ವರ್ಷದ ಹುಡುಗಿ ಅವತ್ತು ಅಂಗಡಿಯಲ್ಲಿ ಕೇಳಬೇಕೆಂದಿದ್ದದ್ದು ಕತ್ತರಿಯನ್ನೇ ಹೌದೇ? ಮನೆಯಲ್ಲಿ ಆಗಲೇ ಎರಡು ಕತ್ತರಿಗಳಿದ್ದವು, ಹೊಲಿಯುವವಳ ಮನೆ. ಹದಿನೇಳು ವರ್ಷದಲ್ಲಿ ಅವಳ ಬಾಯಿಗೆ ಇಟ್ಟ ಪದಗಳಲ್ಲಿ ಅವಳವು ಎಷ್ಟು, ತನ್ನವು ಎಷ್ಟು? ಅವಳು ಪ್ರತಿ ಸಲವೂ ಹೂಂ ಎಂದಿದ್ದಳು. ಇಲ್ಲ ಎನ್ನಲು ಹೋದರೆ ಮತ್ತೆ ಮೊದಲಿನಿಂದ ಉಗ್ಗಬೇಕಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಕೊನೆಯ ಸಾಲು ಮುಗಿಯಿತು. ಹನ್ನೆರಡು ನಿಮಿಷ ನಲವತ್ತು ಸೆಕೆಂಡು. ಮಗಳು ಗೆರೆಯನ್ನು ಹಿಂದಕ್ಕೆಳೆದು, ಆ ಮಲಗಿದ ಜಾಗವನ್ನು ನೋಡಿದಳು. ಕತ್ತರಿಸಿ ಕೂಡಿಸಲು ಎರಡು ಗುಂಡಿ ಒತ್ತಿದರೆ ಸಾಕು, ಅವಳಿಗೆ ಬರುತ್ತಿತ್ತು. ಅವಳು ಕತ್ತರಿಸಲಿಲ್ಲ. "ಕೇಳೋರಿಗೆ ಗೊತ್ತಾಗ್ಲಿ, ನಾನು ಹೀಗೇ ಓದೋದು" ಎಂದಳು, ಯಾರಿಗೆ ಎಂದಿಲ್ಲದೆ. ಐದೂಕಾಲಿಗೆ ಹಾಗೇ ಕಳಿಸಿದಳು.

ಆಮೇಲೆ ಕೀಬೋರ್ಡನ್ನು ಪಕ್ಕಕ್ಕಿಟ್ಟು, ಸೋಫಾದಲ್ಲಿ ಅಪ್ಪನ ಕಡೆ ತಿರುಗಿ ಕೂತಳು.

"ಹೇಗಿತ್ತು ಅಪ್ಪ?"

ಲಿಫ್ಟಣ್ಣ ಬಾಯಿ ತೆರೆದ. ಏನೋ ಹೇಳಹೋದ, ಅದು ಅರ್ಧಕ್ಕೇ ನಿಂತಿತು. ಇನ್ನೊಂದು ಹುಡುಕಿದ, ಅದೂ ಬರಲಿಲ್ಲ. ಎಲ್ಲರ ಮಾತಿಗೂ ಪದ ಕೊಡುತ್ತಿದ್ದ ಮನುಷ್ಯನಿಗೆ ತನ್ನದೊಂದು ಪದ ಸಿಗದೆ ಮುಖ ಕೆಂಪೇರಿತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ಮಗಳು ಕೈಯೆತ್ತಿ ಅವಳನ್ನು ತಡೆದಳು.

ಚೆನ್ನಾಗಿತ್ತಾ ಎಂದು ಮಗಳು ಕೇಳಲಿಲ್ಲ. ಬೇಜಾರಾಯ್ತಾ ಎಂದೂ ಕೇಳಲಿಲ್ಲ. ಅಪ್ಪನ ಮುಖ ನೋಡುತ್ತ ಸುಮ್ಮನೆ ಕೂತಳು. ಅವಳಿಗೆ ಅವಸರವಿರಲಿಲ್ಲ.

"ಆ ತಂಗಿ..." ಎಂದ ಲಿಫ್ಟಣ್ಣ ಬಹಳ ಹೊತ್ತಿನ ಮೇಲೆ. ಕಣ್ಣು ಒರೆಸಿಕೊಂಡ. "ಆ ತಂಗಿ ಕರೆದ್ಳಲ್ಲ. ಆಮೇಲೆ ಏನಾಯ್ತು?"

"ಗೊತ್ತಿಲ್ಲಪ್ಪ" ಎಂದಳು ಮಗಳು. "ಅವ್ರು ಕೊಟ್ಟಿದ್ದು ನಾಲ್ಕೇ ಪುಟ."